ಭಾವನ ಜಾಕೆಟ್ಟು

ಹಿಂಬಾಗಿಲ ಚಿಲಕ ಹಾಕಿದೆನೋ ಇಲ್ಲವೋ ಎಂಬ ಚಿಂತೆ ಅವಳನ್ನು ಬಿಡಲೇ ಇಲ್ಲ. ಮಗುವಿಗೆ ಹಾಲೂಡಿಸುತ್ತಿದ್ದವಳು ಎದ್ದು ಹೋಗಿ ನೋಡುವಳು, ಬಂದು ಕೂರುವಳು, ಮತ್ತೆ ಏಳುವಳು. ಕರಡಿ ಹಿತ್ತಲಿಗೆ ಬಂದು ಮಗುವಿನ ತಳ್ಳುಗಾಡಿಯನ್ನು ಸೀಳಿಹಾಕಿದ ಮೇಲೆ ಅಂಟಿದ ರೋಗ ಅದು. ಬಟ್ಟೆ ಬದಲಿಸಲೆಂದು ಆಗಷ್ಟೇ ಮಗುವನ್ನು ಒಳಗೆ ಎತ್ತಿಕೊಂಡು ಬಂದಿದ್ದಳು. ಬರದೇ ಇದ್ದಿದ್ದರೆ?

ಆ ಕರಡಿ ಸಾಯಬೇಕು. ಅದರ ಹೆಣವನ್ನು ಕಣ್ಣಾರೆ ನೋಡಬೇಕು. ಪೇಟೆಯಲ್ಲಿ ಓದಿ ಬೆಳೆದವಳು, ಮದುವೆಯಾಗಿ ಉತ್ತರದ ಈ ಕಾಡಂಚಿಗೆ ಬಂದ ಹೊಸದರಲ್ಲಿ ತೋಳದ ಹೆಜ್ಜೆ ಕಂಡರೂ ಮೊಣಕಾಲೂರಿ ಫೋಟೋ ತೆಗೆಯುತ್ತಿದ್ದಳು. ಈಗ ಪೊದೆಯಲ್ಲಿ ಮೊಲ ಕದಲಿದರೂ ಕೈ ಕಲ್ಲಿಗೆ ಹೋಗುತ್ತಿತ್ತು.

"ಪೇಟೆ ರಾಣಿಗೆ ಬೆಕ್ಕೂ ಕರಡೀನೇ," ಎಂದು ಭಾವ ಎಲ್ಲರೆದುರು ಆಡಿಕೊಂಡ. ಗಂಡನ ಅಣ್ಣ; ಪ್ರವಾಸಿಗಳನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗಿ ರಕ್ಷಿತ ಕಾಡಿನ ಪ್ರಾಣಿಗಳನ್ನು ತೋರಿಸುವುದು ಅವನ ಕಸುಬು. ಆಡಿಕೊಂಡರೂ ಕಾಡಿನ ಕಚೇರಿಗೆ ದೂರು ಕೊಟ್ಟವನು ಅವನೇ. ಮನೆಯ ಹಿತ್ತಲಿಗೆ ನುಗ್ಗಿದ ಕರಡಿಯನ್ನು ಅವರು ಉಳಿಸುವುದಿಲ್ಲ, ನಾಳೆಯೇ ಬಂದೂಕಿನವರು ಬರುತ್ತಾರಂತೆ. ಅವಳು ಮನಸ್ಸಿನಲ್ಲೇ ಭಾವನಿಗೆ ಕೈಮುಗಿದಳು.

ಅವಳಿಗೆ ಪ್ರವಾಸಿಗಳ ವಸತಿಗೃಹದಲ್ಲಿ ಬಟ್ಟೆ ಒಗೆಯುವ ಕೆಲಸ. ಚಾದರಗಳ ಜೊತೆ ಮನೆಯವರ ದಪ್ಪ ಬಟ್ಟೆಯನ್ನೂ ಅಲ್ಲಿನ ದೊಡ್ಡ ಮೆಷಿನ್ನಿಗೆ ಹಾಕುವುದು ರೂಢಿ. ಆ ದಿನ ಭಾವನ ಜಾಕೆಟ್ಟಿನ ಜೇಬು ತಡಕಿದರೆ ಬೆರಳಿಗೆ ಮೀನಿನ ಕರುಳು ಅಂಟಿತು. ತೋಳಿನುದ್ದಕ್ಕೂ ಕೊಳೆತ ನಾತ. ಎಂದೂ ಗಾಳ ಹಿಡಿದವನಲ್ಲ ಅವನು. ಸಂಜೆಯಾದರೆ ಸಾಕು, ಜೀಪು ತೊಳೆದದ್ದೆಂದು ಹೇಳಿ ಅವಳ ಹಿತ್ತಲ ನಲ್ಲಿಯಡಿ ಬಕೆಟ್ಟೊಂದನ್ನು ಉಜ್ಜುತ್ತಿದ್ದುದು ನೆನಪಾಯಿತು. ತಳ್ಳುಗಾಡಿ ನಿಂತಿದ್ದುದೂ ಆ ನಲ್ಲಿಯ ಪಕ್ಕದಲ್ಲೇ.

ಕೇಳಿಯೇಬಿಟ್ಟಳು. ಅವನು ಮುಚ್ಚಿಡಲೂ ಇಲ್ಲ. ಕಾಡಿನೊಳಗಿನ ಬಂಡೆಯ ಮೇಲೆ ಮೀನು ಸುರಿಯದಿದ್ದರೆ ಕರಡಿ ಕ್ಯಾಮೆರಾಕ್ಕೆ ಮುಖ ತೋರಿಸುವುದಿಲ್ಲ. ಕರಡಿ ಕಾಣದಿದ್ದರೆ ಗಿರಾಕಿಯಿಲ್ಲ, ಅವಳಿಗೆ ಒಗೆಯಲು ಚಾದರವೂ ಇಲ್ಲ.

"ಹಾಗಾದ್ರೆ ಅದು ನಿಮ್ಮ ಬಕೆಟ್ ವಾಸನೆ ಹಿಡ್ಕೊಂಡೇ ಬಂದಿದ್ದು, ಭಾವ."

"ಬಂತು. ನಾಳೆ ಹೋಗುತ್ತೆ ಬಿಡು. ಕಾಡಲ್ಲಿ ಕರಡಿಗೇನು ಬರ? ಇನ್ನೊಂದನ್ನ ಪಳಗಿಸ್ತೀನಿ."

ಇನ್ನೊಂದು. ಅದೂ ಇದೇ ನಲ್ಲಿಗೆ ಬರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಅವಳ ಸಿಟ್ಟು ಕರಡಿಯ ಬೆನ್ನಿನಿಂದಿಳಿದು ಭಾವನ ಹೆಗಲೇರಿತು. ಗಂಡನಿಗೆ ಹೇಳಿದರೆ, ಅಣ್ಣ ಅಪ್ಪನ ಸಮಾನ, ಮನೆಯ ಮಾತು ಬೀದಿಗೆ ಬೇಡ ಎಂದ. ಹೂಂ ಎಂದಳು. ಜಾಕೆಟ್ಟನ್ನು ಒಗೆಯದೆ ಚೀಲದಲ್ಲಿ ಬಿಗಿದು ಕಟ್ಟಿ ಅಟ್ಟದ ಮೇಲಿಟ್ಟಳು. ರಕ್ಷಿತ ಕಾಡಿನ ಪ್ರಾಣಿಗೆ ತಿನಿಸು ಹಾಕುವುದು ಅಪರಾಧ; ಕಚೇರಿಯವರು ಜೀಪಿನ ಕೀಲಿ ಕಿತ್ತುಕೊಂಡು ಅವನನ್ನು ಕಾಡಿನ ಗೇಟಿನಾಚೆ ತಳ್ಳುವುದನ್ನು ನೆನೆದಾಗ, ಎಷ್ಟೋ ದಿನಗಳ ಮೇಲೆ ಹೊಟ್ಟೆ ತಣ್ಣಗಾಯಿತು.

ಬೆಳಿಗ್ಗೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಕಾಡಿನ ಕಚೇರಿಗೆ ಫೋನು ಮಾಡಿದಳು. ಬಂದೂಕಿನವರು ಹೊರಡುತ್ತಿದ್ದಾರೆ, ಹೆದರಬೇಡಿ ಎಂದ ಗುಮಾಸ್ತ.

"ಕಾಡಿಗೆ ಹೋಗೋ ಮೊದಲು ನಮ್ಮನೆಗೆ ಬರೋಕೆ ಹೇಳಿ. ಕರಡಿನ ಇಲ್ಲಿಗೆ ಕರೆಸ್ಕೊಂಡೋರ ಜಾಕೆಟ್ ಇದೆ. ಇನ್ನೂ ಒಗೆದಿಲ್ಲ."

"ಯಾರದಮ್ಮ ಅದು?"

"ದೂರು ಕೊಟ್ಟೋರದ್ದೇ. ಬರ್ಕೊಳ್ಳಿ, ನಮ್ಮ ಭಾವ."