ಪಂಚಮಿ ಮುಂದಿನ ಬಂದ್

ಮುದ್ದೇಬಿಹಾಳದಲ್ಲಿ ಆ ದೊಡ್ಡ ಅಂಗಡಿ ತೆರೆದದ್ದು ನಾಗರ ಪಂಚಮಿ ಇನ್ನೇನು ಬಂತು ಎನ್ನುವಾಗ. ಯಾವುದೋ ದೂರದ ಕಂಪನಿಯದು. ಊರೂರಿಗೆ ಒಂದೇ ಬಣ್ಣದ ಬೋರ್ಡು ಹಚ್ಚಿಕೊಂಡು ಬರುತ್ತಿತ್ತು. ಅರಿಶಿನ ಪುಡಿಯಿಂದ ಹಿಡಿದು ಅಂಗಿ ಚಡ್ಡಿಯವರೆಗೆ ಎಲ್ಲವೂ ಒಂದೇ ಸೂರಿನ ಕೆಳಗೆ, ಅದೂ ಯಂತ್ರದ ತಂಪು ಗಾಳಿಯಲ್ಲಿ. ಪಂಚಮಿ ಮುಂದೆಯೇ ತೆರೆಯಿರಿ ಎಂದು ಅವರಿಗೆ ಹೇಳಿಕೊಟ್ಟವರು ನಮ್ಮೂರಿನವರೇ ಇರಬೇಕೆಂದು ನನಗೆ ಇಂದಿಗೂ ಗುಮಾನಿ.

ನನ್ನನ್ನು ಇಂಡಿಗೆ ಕೊಟ್ಟಿದ್ದರು. ಪಂಚಮಿಗೆ ತವರಿಗೆ ಹೋಗದಿದ್ದರೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಆ ವರ್ಷ ಬಂದೂ ಬಾರದಂತೆ. ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ, ನಿಂತುಕೊಂಡೇ ಬಂದು ಊರಲ್ಲಿ ಇಳಿದರೆ ಬಜಾರದಲ್ಲಿ ಒಂದು ಅಂಗಡಿಯೂ ತೆರೆದಿರಲಿಲ್ಲ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ನಾಯಿಗಳು ಮುಚ್ಚಿದ ಕಟ್ಟೆಗಳ ಮೇಲೆ ಮಲಗಿದ್ದವು. ಯಾರೋ ದೊಡ್ಡವರು ತೀರಿಕೊಂಡಿರಬೇಕೆಂದುಕೊಂಡೆ.

ತೀರಿಕೊಂಡವರು ಯಾರೂ ಇರಲಿಲ್ಲ. ನಮ್ಮಣ್ಣ ಬಂದ್ ಕರೆದಿದ್ದ.

ಬಜಾರದ ನಡುವೆ ಅಪ್ಪ ಇಟ್ಟ ಕಿರಾಣಿ ಅಂಗಡಿಯನ್ನು ಅಣ್ಣ ನಡೆಸುತ್ತಿದ್ದ. ಅಂಗಡಿಯ ಹಿಂದೆಯೇ ಮನೆ. ನಮಗೆ ಹೊಲವಿರಲಿಲ್ಲ. ಅಣ್ಣನಿಗೆ ಹೆಚ್ಚು ಓದೂ ಇರಲಿಲ್ಲ. ತಕ್ಕಡಿ ಹಿಡಿಯುವುದು ಬಿಟ್ಟರೆ ಬೇರೆ ಕೆಲಸ ಗೊತ್ತಿರಲಿಲ್ಲ. ಅಂಗಡಿ ಹೋದರೆ ಎಲ್ಲವೂ ಹೋದಂತೆ ಎಂದು ಅವನಿಗೆ ತಿಳಿದಿತ್ತು. ಹಾಗಾಗಿ ಕಿರಾಣಿಯವರನ್ನೆಲ್ಲ ಕೂಡಿಸಿ, ಕಂಪನಿಯವರು ಊರು ಬಿಡುವ ತನಕ ಬಾಗಿಲು ತೆಗೆಯುವುದಿಲ್ಲ ಎಂದು ಮಾತು ತೆಗೆದುಕೊಂಡಿದ್ದ.

ನಮ್ಮೂರ ವ್ಯಾಪಾರಸ್ಥರಿಗೆ ಗೊತ್ತಿದ್ದ ಹೋರಾಟ ಅದೊಂದೇ. ಕರೆಂಟು ಬರಲಿಲ್ಲ, ಬಂದ್. ನೀರು ಬರಲಿಲ್ಲ, ಬಂದ್. ಬಜಾರ ಮುಚ್ಚಿದರೆ ಮಧ್ಯಾಹ್ನದೊಳಗೆ ಸಾಹೇಬರು ಜೀಪು ಹತ್ತಿ ಓಡಿ ಬರುತ್ತಿದ್ದರು. ನಾವು ಮುಚ್ಚಿದರೆ ಊರಿಗೆ ಉಪ್ಪೂ ಸಿಗುವುದಿಲ್ಲ ಎಂಬ ಹಮ್ಮು ಅವರಿಗೆಲ್ಲ ಇತ್ತು. ಸುಳ್ಳಲ್ಲ, ಅಲ್ಲಿಯವರೆಗೆ ಸಿಗುತ್ತಿರಲಿಲ್ಲ. ಈ ಸಲ ಎದುರಿಗಿರುವುದೂ ಒಂದು ಅಂಗಡಿ, ಅದರ ಬಾಗಿಲು ತೆರೆದೇ ಇರುತ್ತದೆ ಎಂಬುದು ಅಷ್ಟು ಜನರಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ. ನೆನೆಸಿಕೊಂಡರೆ ಈಗಲೂ ತಲೆ ಚಚ್ಚಿಕೊಳ್ಳುವಂತಾಗುತ್ತದೆ.

ಹೊಳೆದದ್ದು ವೈನಿಗೆ. ಅಣ್ಣನ ಹೆಂಡತಿ, ಗಂಡನೆದುರು ದನಿ ಏರಿಸಿದವಳಲ್ಲ. ಅವತ್ತು ಚಹಾ ಕೊಡುತ್ತ ಕೇಳಿಯೇಬಿಟ್ಟಳು.

"ಪಂಚಮಿ ಮುಂದ ಯಾಕ್ರೀ ಇದೆಲ್ಲಾ? ಮಂದಿ ಉಂಡಿ ಕಟ್ಟಬೇಕಲ್ರಿ. ಬೆಲ್ಲಾ ಎಲ್ಲಿಂದ ತರಬೇಕು ಅವರು?"

"ಅದಕ್ಕs ಈಗ ಮಾಡೂದು," ಅಂದ ಅಣ್ಣ. "ಉಂಡಿಗೆ ಬೆಲ್ಲಾ ಸಿಗಲಿಲ್ಲ ಅಂದ್ರ ಹೆಣ್ಣಮಕ್ಕಳು ಸುಮ್ಮನ ಕುಂದರತಾರೇನು? ಆ ಕಂಪನಿಯವರಿಗೆ ಹಿಡಿಶಾಪ ಹಾಕತಾರ, ನೋಡ್ತಿರು."

ಹಬ್ಬದ ಉಂಡಿಯೆಂದರೆ ಒಂದೆರಡಲ್ಲ. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟಿನ ಉಂಡಿ, ಬೂಂದಿ ಉಂಡಿ. ತವರಿಗೆ ಬಂದ ಮಗಳು ಡಬ್ಬಿ ತುಂಬ ಒಯ್ಯದಿದ್ದರೆ ಅತ್ತೆಯ ಮನೆಯಲ್ಲಿ ತವರಿನ ಮಾನವೇ ಹೋಗುತ್ತದೆ. ಇದು ಅಣ್ಣನಿಗೆ ಗೊತ್ತಿತ್ತು. ಪ್ರತಿ ವರ್ಷ ಪಂಚಮಿ ಮುಂದೆ ಅವನಿಗೆ ಊಟಕ್ಕೂ ಪುರುಸೊತ್ತು ಇರುತ್ತಿರಲಿಲ್ಲ.

ಮರುದಿನ ಅವನಿಗೆ ಬುತ್ತಿ ಒಯ್ದೆ. ದೊಡ್ಡ ಅಂಗಡಿಯ ಬಾಗಿಲಿಗೆ ಎದುರಾಗಿ, ರಸ್ತೆಯ ಈಚೆ, ಪೆಂಡಾಲು ಹಾಕಿ ಎಲ್ಲರೂ ಕುಳಿತಿದ್ದರು. ಒಬ್ಬರು ಧಿಕ್ಕಾರ ಕೂಗಿದರೆ ಉಳಿದವರು ದನಿಗೂಡಿಸುತ್ತಿದ್ದರು. ಆಚೆಯಿಂದ ಮ್ಯಾನೇಜರು, ಬೆಂಗಳೂರು ಕಡೆಯ ಕನ್ನಡದ ಹಸನ್ಮುಖಿ, ಪೆಂಡಾಲಿನವರಿಗೆ ಕುಡಿಯಲು ತಣ್ಣೀರು ಕಳಿಸಿದ. ಕೂಗಿ ಕೂಗಿ ಗಂಟಲು ಒಣಗಿದ್ದ ಕೆಲವರು ಕುಡಿದೂಬಿಟ್ಟರು! ಹೊಟ್ಟೆ ಉರಿಯುವುದರ ನಡುವೆಯೂ ನನಗೆ ನಗು ಬಂತು.

ಆ ನಗು ಬಹಳ ಹೊತ್ತು ಉಳಿಯಲಿಲ್ಲ. ನಮ್ಮ ಓಣಿಯ ಕಾಕು, ನಾನು ಹುಟ್ಟಿದಾಗ ನನಗೆ ಎರೆದವಳು, ಚೀಲ ಹಿಡಿದು ಬರುತ್ತಿದ್ದಳು. ಪೆಂಡಾಲಿಗೇ ಬರುತ್ತಿದ್ದಾಳೆ ಎಂದುಕೊಂಡೆ. ಅವಳು ಅಣ್ಣನ ಮುಂದೆ ಒಂದು ಕ್ಷಣ ನಿಂತಳು.

"ತಪ್ಪ ತಿಳಕೋಬ್ಯಾಡಪಾ ತಮ್ಮಾ. ಮಗಳು ಬಂದು ಕುಂತಾಳ, ಮನ್ಯಾಗ ಬೆಲ್ಲಾ ಇಲ್ಲ. ನಿಂದ ಅಂಗಡಿ ಬಂದ್ ಐತಿ. ನಾ ಎಲ್ಲಿ ಹೋಗ್ಲಿ, ನೀನs ಹೇಳು."

ಧಿಕ್ಕಾರ ನಿಂತುಹೋಯಿತು. ಅಣ್ಣ ತಲೆ ತಗ್ಗಿಸಿದ. ಕಾಕು ಸೆರಗನ್ನು ಹಣೆಯವರೆಗೆ ಎಳೆದುಕೊಂಡು ರಸ್ತೆ ದಾಟಿ ಒಳಗೆ ಹೋದಳು.

ಅವಳ ಹಿಂದೆ ಮತ್ತೊಬ್ಬಳು ಬಂದಳು, ಆಮೇಲೆ ಗುಂಪಾಗಿಯೇ ಬಂದರು. ಎಲ್ಲರೂ ನಮ್ಮ ಅಂಗಡಿಯ ಗಿರಾಕಿಗಳೇ. ಸೆರಗು ಎಳೆದುಕೊಂಡು, ಪೆಂಡಾಲಿನ ಕಡೆ ಕಳ್ಳನೋಟ ಬೀರಿ, ಬೇಗ ಬೇಗ ಒಳಗೆ ಹೋಗುತ್ತಿದ್ದರು. ನಾನು ಒಬ್ಬೊಬ್ಬರ ಮುಖವನ್ನೂ ನುಂಗುವಂತೆ ನೋಡಿದೆ. ಅಣ್ಣ ಮಾತ್ರ ತಗ್ಗಿಸಿದ ತಲೆ ಎತ್ತಲಿಲ್ಲ. ತಂದ ಬುತ್ತಿಯನ್ನೂ ಬಿಚ್ಚಲಿಲ್ಲ. ಸೋತುಹೋದ ಎಂದುಕೊಂಡೆ. ಅವನ ಪಕ್ಕದಲ್ಲಿ ನಿಲ್ಲಲು ನನಗೇ ಅವಮಾನವೆನಿಸಿತು.

ಉಳಿದ ಅಂಗಡಿಯವರು ಜಾಣರು. ಮರುದಿನ ಒಬ್ಬನಿಗೆ ಜ್ವರ, ಇನ್ನೊಬ್ಬನಿಗೆ ಸಾಲೋಟಗಿಯಲ್ಲಿ ಬೀಗರ ಮನೆಯ ಕಾರ್ಯ. ಜ್ವರ ಬಂದವನು ಹಿತ್ತಲ ಬಾಗಿಲಿನಿಂದ ಬೆಲ್ಲ ಮಾರುತ್ತಿದ್ದುದು ಊರಿಗೆಲ್ಲ ಗೊತ್ತು. ಕೊನೆಗೆ ಪೆಂಡಾಲಿನಲ್ಲಿ ಅಣ್ಣ ಒಬ್ಬನೇ ಉಳಿದ.

ನಮ್ಮ ಮನೆಯಲ್ಲಿ ಆ ಸಲ ಉಂಡಿ ಕಟ್ಟಲಿಲ್ಲ. ಗೋಡೆಯಾಚೆ ಅಂಗಡಿಯಲ್ಲಿ ಬೆಲ್ಲದ ಪೆಂಟಿಗಳ ರಾಶಿಯೇ ಇತ್ತು. ಕೀಲಿಕೈ ಅಣ್ಣನ ಉಡಿದಾರದಲ್ಲಿ.

"ನಿನ್ನ ತಂಗಿ ಬರೇ ಡಬ್ಬಿ ಒಯ್ಯಬೇಕೇನೋ ಯಪ್ಪಾ?" ಎಂದು ಅವ್ವ ಅತ್ತಳು.

"ಬಂದ್ ಅಂದ್ರ ಬಂದ್ ಬೇ ಅವ್ವಾ. ಊರಿಗೊಂದು, ಮನಿಗೊಂದು ಮಾಡಾಕ ಬರೂದಿಲ್ಲ."

ನನಗೆ ರೇಗಿತು. ಬಾಯಿಗೆ ಬಂದಂತೆ ಅಂದೆ. ಖಾಲಿ ಡಬ್ಬಿ ಹಿಡಿದುಕೊಂಡೇ ಇಂಡಿಗೆ ಹೋದೆ. ಅತ್ತೆ ಡಬ್ಬಿ ಎತ್ತಿ ನೋಡಿ, ಒಳಗೊಯ್ದು ಬೋರಲು ಇಟ್ಟಳು. ಬೈದಿದ್ದರೇ ಚೆನ್ನಾಗಿತ್ತು.

ಹಬ್ಬ ಮುಗಿದ ಮೇಲೆ ಅಣ್ಣ ಬಾಗಿಲು ತೆರೆದ. ಗಿರಾಕಿಗಳು ಬರಲಿಲ್ಲ. ಉಳಿದವರ ಅಂಗಡಿಗಳಿಗೆ ಅರ್ಧದಷ್ಟಾದರೂ ಜನ ತಿರುಗಿ ಬಂದರು, ಹಿತ್ತಲಲ್ಲಿ ಮಾರಿದವನಿಗಂತೂ ಮೊದಲಿನ ವ್ಯಾಪಾರವೇ ನಡೆಯಿತು. ನಮ್ಮ ಅಂಗಡಿಗೆ ಮಾತ್ರ ಯಾರೂ ಇಲ್ಲ. ಬೆಲ್ಲ ನೀರೊಡೆದು ಗೋಣಿಚೀಲ ತೋಯ್ದು ನೊಣ ಮುತ್ತಿದವು. ಆ ಚಳಿಗಾಲ ಕಳೆಯಿತು, ಬೇಸಿಗೆ ಕಳೆಯಿತು. ಮರುವರ್ಷ ನಾನು ಪಂಚಮಿಗೆ ಹೋದಾಗ ಅಣ್ಣ ಅಂಗಡಿ ಖಾಲಿ ಮಾಡುತ್ತಿದ್ದ. ಮೊಬೈಲ್ ರಿಪೇರಿಯವನೊಬ್ಬನಿಗೆ ಜಾಗ ಬಾಡಿಗೆಗೆ ಕೊಡುವ ಮಾತಾಗಿತ್ತು.

ಸಿಟ್ಟು ತಡೆಯಲಾರದೆ ಕಾಕುವಿನ ಮನೆಗೆ ಹೋದೆ. "ಯಾಕ ಕಾಕು, ನಮ್ಮ ಅಂಗಡ್ಯಾಗ ಹುಳಾ ಬಿದ್ದಿದ್ದುವೇನು?" ಎಂದೆ. ನನ್ನ ಜೊತೆ ಜಗಳಕ್ಕಿಳಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಕಣ್ಣೊರೆಸಿಕೊಂಡಳು.

"ಅವತ್ತ ನಿಮ್ಮಣ್ಣ ತಲಿ ಎತ್ತಿ ನನ್ನ ಮಾರಿ ಸೈತ ನೋಡಲಿಲ್ಲವಾ. ಅಷ್ಟ ಸಿಟ್ಟಾಗಿದ್ದ, ಮನಸಿಗೆ ಹಚ್ಚಿಗೊಂಡಿದ್ದ. ನಾ ಒಬ್ಬಾಕಿ ಅಲ್ಲ, ಓಣ್ಯಾಗ ಎಲ್ಲಾರೂ ಹಂಗs ಅಂತಾರ. ಆಮ್ಯಾಲೆ ಯಾವ ಮಾರಿ ಹೊತ್ತುಕೊಂಡು ಅವನ ಕಟ್ಟಿ ಹತ್ತಲಿ? ದೂರ ಆದ್ರೂ ಹಿಂದಿನ ಓಣಿಯಿಂದ ಸುತ್ತಿ ಹೋಗತೇನಿ, ಅಂಗಡಿ ಮುಂದ ಹಾಯಂಗಿಲ್ಲ."

ಮನೆಗೆ ಬಂದೆ. ಅಣ್ಣ ಖಾಲಿ ಡಬ್ಬಗಳನ್ನು ಒಂದರೊಳಗೊಂದು ಇಡುತ್ತಿದ್ದ. ಕಾಕು ಅಂದದ್ದನ್ನು ಹಾಗೆಯೇ ಹೇಳಿದೆ. ಅವನ ಕೈ ನಿಂತಿತು.

"ಸಿಟ್ಟಿಗೆ ನೋಡಲಿಲ್ಲ ಅಂದ್ಲಾ?"

"ಹೂಂ."

"ನಾ ಅವತ್ತ ಬೇಕಂತನs ಯಾರ ಮಾರೀನೂ ನೋಡಲಿಲ್ಲ ತಂಗಿ. ನಾ ಒಮ್ಮೆ ಗುರ್ತ ಹಿಡಿದೆ ಅಂದ್ರ ನಾಳೆ ಅವರು ನಮ್ಮ ಅಂಗಡಿಗೆ ಬರಾಕ ನಾಚತಾರ ಅನಿಸ್ತು. ಕಾಕು ಒಬ್ಬಾಕಿನ್ನ ಬಿಟ್ಟರ ಯಾರ್ಯಾರು ಹೋದ್ರೋ ನನಗ ಗೊತ್ತs ಇಲ್ಲ. ಆಕಿ ಬಂದಾಗಿಂದ ಸಂಜಿತನಾ ನೆಲಾ ನೋಡಕೋತ ಕುಂತಿದ್ದೆ."

ಈಗಲೇ ಹೋಗಿ ಕಾಕುವಿಗೆ ಹೇಳುತ್ತೇನೆ, ಓಣಿಗೆಲ್ಲ ಹೇಳುತ್ತೇನೆ ಎಂದು ಚಪ್ಪಲಿ ಮೆಟ್ಟಿದೆ. ಅಣ್ಣ ನನ್ನ ಕೈ ಹಿಡಿದ.

"ಬ್ಯಾಡವಾ. ಇವತ್ತ ಅವರು ಬಂದ್ರ, ನಾ ಏನ ತೂಗಿ ಕೊಡ್ಲಿ?"