ಖಾಲಿ ಕುಂಡದ ಅಭಿಷೇಕ

ನವೆಂಬರಿನಿಂದ ಏಪ್ರಿಲ್‌ವರೆಗೆ ನನ್ನ ಅತಿ ಅಪರೂಪದ ಗಿಡ ಬರೀ ಮಣ್ಣು. ಎಲೆಯಿಲ್ಲ, ಕಡ್ಡಿಯಿಲ್ಲ, ಅಲ್ಲೊಂದು ಗಿಡವಿತ್ತು ಎನ್ನುವ ಗುರುತೂ ಇರುವುದಿಲ್ಲ. ಮನೆಗೆ ಬಂದವರಿಗೆ ನಾನು ಆ ಕುಂಡ ತೋರಿಸಿ ಕೊಚ್ಚಿಕೊಂಡರೆ ಅವರು ನನ್ನ ಮುಖವನ್ನೊಮ್ಮೆ ಮಣ್ಣನ್ನೊಮ್ಮೆ ನೋಡಿ, ಕಾಫಿ ಚೆನ್ನಾಗಿದೆ ಅನ್ನುತ್ತಾರೆ.

ಅದು ಆಫ್ರಿಕಾದ ಕಾಡುಶುಂಠಿ. ಮೇ ತಿಂಗಳ ಬಿಸಿಲಿಗೆ ಎಚ್ಚರಗೊಂಡು, ಎಲೆ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ನೆಲಕ್ಕೆ ಒತ್ತಿಕೊಂಡು ತೆಳುನೇರಳೆ ಹೂ ಬಿಡುತ್ತದೆ. ಗಂಟಲಲ್ಲೊಂದು ಹಳದಿ ಮಚ್ಚೆ. ಬೆಳಿಗ್ಗೆ ಅರಳಿದ್ದು ಸಂಜೆಗೆ ಮುದುಡುತ್ತದೆ. ವಾಸನೆ ನೋಡಬೇಕಾದರೆ ಮಂಡಿಯೂರಿ ಮೂಗನ್ನು ಮಣ್ಣಿನ ಹತ್ತಿರ ತರಬೇಕು. ಔಷಧಿಗೆಂದು ಜನ ಅಗೆದು ಅಗೆದು ಅದರ ತವರಿನಲ್ಲೇ ಈಗ ಕಾಣಸಿಗುವುದು ಕಷ್ಟವಂತೆ.

ನನಗೆ ಅದನ್ನು ಕೊಟ್ಟವರು ಮದರಾಸಿನ ಪೆರಂಬೂರಿನ ಒಬ್ಬ ಟೀಚರ್. ವಯಸ್ಸಿನಲ್ಲಿದ್ದಾಗ ಜಾಂಬಿಯಾದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿದವರು. ಊರಿಗೆ ಹೊರಟ ದಿನ ಮಕ್ಕಳು ಅಗೆದು ತಂದುಕೊಟ್ಟ ಗೆಡ್ಡೆಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದರಂತೆ. ನಾನು ಕೀಲ್ಪಾಕಿನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು. ಅವರು ಸಕ್ಕರೆ ಪರೀಕ್ಷೆಗೆ ಬಂದಿದ್ದರು. ಸೂಜಿ ಚುಚ್ಚಿಸಿಕೊಳ್ಳುತ್ತಲೇ, ಕಿಟಕಿಯಲ್ಲಿ ನಾನು ಔಷಧಿ ಬಾಟಲಿಯೊಳಗೆ ಬೇರು ಬಿಡಿಸಿದ್ದ ಕಡ್ಡಿಗಳನ್ನು ಒಂದೊಂದಾಗಿ ನೋಡಿದರು. ಮುಂದಿನ ಸಲ ಬಂದಾಗ ಕಾಗದದಲ್ಲಿ ಸುತ್ತಿದ ಒಂದು ತುಂಡು ಮೇಜಿನ ಮೇಲಿಟ್ಟು, "ನನ್ನ ಹತ್ತಿರ ಒಂದು, ನಿನ್ನ ಹತ್ತಿರ ಒಂದು. ಒಂದು ಹೋದರೆ ಇನ್ನೊಂದರಿಂದ ಮುರಿದು ಕೊಡಬೇಕು. ಅಷ್ಟೇ ಷರತ್ತು" ಅಂದರು. ತಮಿಳಿನಲ್ಲಿ ಹೇಳಿದ್ದು. ನಾನು ಒಪ್ಪಿಕೊಂಡೆ.

ಈ ಗಿಡಕ್ಕೆ ಮದರಾಸಿನ ಪಂಚಾಂಗ ಗೊತ್ತಿಲ್ಲ. ಅದು ಕಣ್ಣುಮುಚ್ಚುವ ಹೊತ್ತಿಗೆ ಇಲ್ಲಿ ಮಳೆಗಾಲ ಶುರು. ಎಲೆ ಹಳದಿಯಾಗುತ್ತಿದ್ದ ಹಾಗೆ ಕುಂಡವನ್ನು ಮಳೆ ತಾಕದ ಮೂಲೆಗೆ ಎಳೆದಿಟ್ಟು, ಆಮೇಲೆ ಒಂದು ತೊಟ್ಟು ನೀರು ಹಾಕದೆ ಆರು ತಿಂಗಳು ಕೈಕಟ್ಟಿ ಕೂರಬೇಕು. ನೀರು ಹಾಕುವುದನ್ನು ಯಾರಾದರೂ ಕಲಿಯಬಹುದು. ಹಾಕದೆ ಇರುವುದು ನನಗೆ ಮಾತ್ರ ಗೊತ್ತಿರುವ ವಿದ್ಯೆ ಅಂತ ಒಂದು ಜಂಬ ನನಗಿತ್ತು. ಮೂರು ವರ್ಷ ಆ ಜಂಬ ನಡೆಯಿತು. ಗೆಡ್ಡೆ ದಪ್ಪವಾಗಿ ಬೆರಳು ಬೆರಳಾಗಿ ಕವಲೊಡೆದಿತ್ತು. ನಾಲ್ಕನೆಯ ಬೇಸಿಗೆಗೆ ಅದನ್ನು ಐದು ಭಾಗ ಮಾಡಬೇಕೆಂದು ಕುಂಡಗಳನ್ನೂ ತಂದಿಟ್ಟಿದ್ದೆ.

ಅದಕ್ಕೆ ಮುಂಚಿನ ಅಕ್ಟೋಬರಿನಲ್ಲೇ ನಾವು ಮನೆ ಬದಲಿಸಿದ್ದು. ನನ್ನ ಗಂಡನ ಮನೆಯವರು ನಾಲ್ಕು ತಲೆಮಾರಿನಿಂದ ಮದರಾಸಿನವರು. ನಾನು ಮಂಡ್ಯದ ಕಡೆಯಿಂದ ಸೊಸೆಯಾಗಿ ಬಂದವಳು. ನಮ್ಮ ಮನೆಯಲ್ಲಿ ಕನ್ನಡವನ್ನು ಅತ್ತೆ ತಮಿಳು ಬೆರೆಸಿ ಆಡುತ್ತಾರೆ, ನಾನು ಊರಿನದನ್ನೇ ಆಡುತ್ತೇನೆ, ಮಗಳು ಎರಡನ್ನೂ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಹಳೆಯ ಮನೆ ಕೆಡವಿದ ಮೇಲೆ ಅದೇ ಬೀದಿಯಲ್ಲಿ ಮೂರನೆಯ ಮಹಡಿಯ ಫ್ಲಾಟಿಗೆ ಬಂದೆವು. ಕುಂಡಗಳೆಲ್ಲ ಬಾಲ್ಕನಿಗೆ ಬಂದವು, ಜಾಗ ಬದಲಾದ ಮೇಲೆ ಯಾವುದರಲ್ಲಿ ಏನಿದೆಯೆಂದು ಮನೆಯವರಿಗೆ ನಾನು ಹೇಳಿರಲಿಲ್ಲ. ಹಳೆಯ ಮನೆಯ ಹಿತ್ತಲಲ್ಲಿ ಬಾವಿ, ಬಾವಿಯ ಪಕ್ಕ ಒಂದು ತೆಂಗಿನಮರ ಇತ್ತು. ದಿನಾ ಬೆಳಿಗ್ಗೆ ನನ್ನ ಗಂಡ ಸಾಲಿಗ್ರಾಮಕ್ಕೆ ಅಭಿಷೇಕ ಮಾಡುತ್ತಾರೆ. ತೀರ್ಥ ತೆಗೆದುಕೊಂಡು ಉಳಿದ ನೀರನ್ನು ಕಾಲು ತುಳಿಯುವ ಕಡೆ ಚೆಲ್ಲುವಂತಿಲ್ಲ, ಬಚ್ಚಲಿಗಂತೂ ಹಾಕುವಂತೆಯೇ ಇಲ್ಲ. ಅತ್ತೆ ಆ ತಂಬಿಗೆಯನ್ನು ತೆಗೆದುಕೊಂಡು ಹೋಗಿ ತೆಂಗಿನ ಬುಡಕ್ಕೆ ಹಾಕಿ ಬರುತ್ತಿದ್ದರು. ಮರ ಕಡಿದರು. ತಂಬಿಗೆ ಮಾತ್ರ ಉಳಿಯಿತು. ಇನ್ನು ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಒಂದು ದಿನವೂ ಹೊಳೆಯಲಿಲ್ಲ.

ಏಪ್ರಿಲ್ ಕೊನೆಯ ಒಂದು ಭಾನುವಾರ ಹಳೆಯ ಪೇಪರ್ ಹಾಸಿ ಕುಂಡ ಬೋರಲು ಹಾಕಿದೆ. ಒಣಗಿ ಪುಡಿಯಾಗಿ ಬೀಳಬೇಕಿದ್ದ ಮಣ್ಣು ಮುದ್ದೆಯಾಗಿ ಬಿತ್ತು. ಹುಳಿಹಾಲಿನ ವಾಸನೆ ಬಂತು. ಗೆಡ್ಡೆಯನ್ನು ಹಿಡಿದರೆ ಬೆರಳ ಸಂದಿಯಲ್ಲಿ ಜಾರಿ ಹೋಯಿತು, ಒಳಗೆಲ್ಲ ಕಂದು ಲೋಳೆ. ಮಗಳು ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡು, "ಪಾಟ್ಟಿದಾನ್ ಡೈಲಿ ಊತ್ತುವಾಂಗ" ಅಂದಳು. ಅಜ್ಜಿಯೇ ದಿನಾ ಹಾಕುತ್ತಿದ್ದದ್ದು.

ಅತ್ತೆ ಒಳಗಿನಿಂದ ಬಂದರು. ಏನಾಯಿತು ಅಂತ ಅವರಿಗೆ ಇನ್ನೂ ತಿಳಿದಿರಲಿಲ್ಲ. "ಅದ್ರಲ್ಲಿ ಏನೂ ಇರ್ಲಿಲ್ವೇ, ಕಾಲಿ ತೊಟ್ಟಿ ತಾನೆ? ಶನಿವಾರ ಹಾಲು, ಸಕ್ಕರೆ ಎಲ್ಲಾ ಇರತ್ತೆ. ನಿನ್ನ ಬೇರೆ ಚೆಡಿಗೆ ಹಾಕಿದ್ರೆ ಎರುಂಬು ಬರತ್ತೆ ಅಂತ ಇದ್ರಲ್ಲಿ ಹಾಕ್ದೆ" ಅಂದರು. ನನ್ನ ಬೇರೆ ಗಿಡಗಳಿಗೆ ಇರುವೆ ಮುತ್ತಬಾರದೆಂದು ಯೋಚಿಸಿ, ಎಲ್ಲ ಕುಂಡಗಳಲ್ಲಿ ಖಾಲಿಯದನ್ನೇ ಆರಿಸಿ, ಆರು ತಿಂಗಳು ಒಂದು ದಿನ ತಪ್ಪದೆ ದೇವರ ನೀರು ಹಾಕಿದ್ದರು.

ನನಗೆ ಸಿಟ್ಟು ಬಂದರೆ ನಾಲಿಗೆ ನನ್ನ ಮಾತು ಕೇಳುವುದಿಲ್ಲ. "ನಿಮ್ಮ ಮಡಿಯಲ್ಲಿ ಒಂದು ಜೀವ ಕೊಳೆತುಹೋಯಿತು. ಪುಣ್ಯ ಬಂತಲ್ಲ, ಇಟ್ಟುಕೊಳ್ಳಿ" ಅಂದುಬಿಟ್ಟೆ. ಅತ್ತೆಯ ಮುಖ ಸಪ್ಪಗಾಯಿತು. "ಒಳಗೆ ಉಸಿರು ಇದೆ ಅಂತ ನೀನು ಒಂದು ಮಾತು ಹೇಳಿರ್ಬೇಕಿತ್ತು" ಅಂದು ಒಳಗೆ ಹೋದರು. ಮಾರನೆಯ ದಿನದಿಂದ ತಂಬಿಗೆ ಹಿಡಿದು ಮೂರು ಮಹಡಿ ಇಳಿದು, ಕಾಂಪೌಂಡಿನ ಬೇವಿನ ಬುಡಕ್ಕೆ ನೀರು ಹಾಕಿ ಹತ್ತಿಬರುತ್ತಿದ್ದರು. ಲಿಫ್ಟ್ ಇದ್ದರೂ ಮಡಿಯಲ್ಲಿ ಹತ್ತುವುದಿಲ್ಲ. ನನ್ನ ಕೋಣೆಗೆ ಬರುವುದನ್ನೂ ಬಿಟ್ಟರು. ನಾನು ಬೇಡ ಅನ್ನಲಿಲ್ಲ. ಅಷ್ಟು ಕಲ್ಲುಮನಸ್ಸಾಗಿತ್ತು.

ಲೋಳೆಯನ್ನೆಲ್ಲ ಕೆರೆದು ನೋಡಿದಾಗ ಒಂದೇ ಒಂದು ತುಂಡು ಗಟ್ಟಿಯಾಗಿ ಸಿಕ್ಕಿತು, ಹೆಬ್ಬೆರಳಿನ ತುದಿಯಷ್ಟು. ಬ್ಲೇಡಿನಿಂದ ಬೆಳ್ಳಗೆ ಕಾಣುವವರೆಗೂ ಕೊಯ್ದು, ಕೊಯ್ದ ಬಾಯಿಗೆ ಬೂದಿ ಸವರಿ ನೆರಳಿನಲ್ಲಿ ಆರಲು ಇಟ್ಟೆ. ಬದುಕಿದೆಯೋ ಇಲ್ಲವೋ ಹೇಳುವ ಹಾಗಿರಲಿಲ್ಲ.

ಅದೇ ವಾರ ಟೀಚರ್ ಫೋನ್ ಮಾಡಿದರು. ಮಳೆಗಾಲದಲ್ಲಿ ಅವರ ಅಂಗಳದಲ್ಲಿ ನೀರು ಮೂರು ದಿನ ನಿಂತಿತ್ತಂತೆ. ಕುಂಡ ಆಮೇಲೆ ಒಣಗಿದ್ದರಿಂದ ಉಳಿದಿರಬಹುದು ಅಂದುಕೊಂಡಿದ್ದರು, ಈಗ ತೆಗೆದು ನೋಡಿದರೆ ಏನೂ ಇಲ್ಲ. "ನಿನ್ನದು ಎಷ್ಟಾಗಿದೆ?" ಅಂದರು.

"ಚೆನ್ನಾಗಿದೆ ಟೀಚರ್. ಇನ್ನೂ ಮಲಗಿದೆ. ಎದ್ದ ಮೇಲೆ ತರುತ್ತೇನೆ" ಅಂದೆ.

ಯಾಕೆ ಸುಳ್ಳು ಹೇಳಿದೆ ಅಂತ ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವರಿಗೆ ನೋವಾಗುತ್ತದೆಂದಲ್ಲ. ನನಗೆ ಅವಮಾನವಾಗುತ್ತದೆಂದು. ಅಷ್ಟು ದೂರದಿಂದ ಬಂದ ಗಿಡ, ಎರಡೇ ಇದ್ದವು, ಒಂದು ಪ್ರವಾಹಕ್ಕೆ ಹೋಯಿತು, ಇನ್ನೊಂದು ನನ್ನ ಮನೆಯೊಳಗೆ ನನ್ನ ಕಣ್ಣೆದುರಿಗೇ ಕೊಳೆಯಿತು. ಎರಡು ವಾರದಲ್ಲಿ ಅವರು ಮತ್ತೆ ಎರಡು ಸಲ ಫೋನ್ ಮಾಡಿದರು. ಎರಡು ಸಲವೂ ಅದೇ ಸುಳ್ಳು. ಪೇಪರಿನ ಮೇಲೆ ಆ ತುಂಡು ಸಿಪ್ಪೆ ಸುಕ್ಕಾಗುತ್ತಾ ಇನ್ನೂ ಸಣ್ಣದಾಗುತ್ತಿತ್ತು.

ಮೂರನೆಯ ಸಲ ಫೋನ್ ಇಟ್ಟು ತಿರುಗಿದರೆ ಅತ್ತೆ ಹಾಲ್‌ನಲ್ಲಿ ಕೂತಿದ್ದರು. "ಪೆರಂಬೂರಿಗೆ ನಾನೂ ಬರ್ತೀನಿ. ಕೆಡಿಸಿದ್ದು ನಾನು. ನಾನೇ ಹೇಳ್ತೀನಿ" ಅಂದರು. ಬೇಡವೆಂದರೂ ಕೇಳಲಿಲ್ಲ. ಹೊರಗೆ ಹೋಗುವಾಗ ಉಡುವ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಉಟ್ಟುಕೊಂಡು ಬಾಗಿಲಲ್ಲಿ ನಿಂತರು.

ಟೀಚರ್ ಮನೆ ರೈಲ್ವೆ ವರ್ಕ್‌ಶಾಪಿನ ಗೋಡೆಗೆ ಹತ್ತಿರ. ಸುಣ್ಣದ ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ನೀರಿನ ಗೆರೆ ಇನ್ನೂ ಕಾಣುತ್ತಿತ್ತು. ಅತ್ತೆ ಕೂರುವ ಮೊದಲೇ ಹೇಳಿದರು. ತೆಂಗಿನಮರ ಹೋದದ್ದು, ತಂಬಿಗೆ, ಖಾಲಿ ಕುಂಡ, ಶನಿವಾರದ ಹಾಲು, ಒಂದನ್ನೂ ಬಿಡಲಿಲ್ಲ. ನಾನು ಆಡಿದ ಮಾತನ್ನು ಮಾತ್ರ ಹೇಳಲಿಲ್ಲ. ಅದನ್ನು ನಾನೇ ಹೇಳಬೇಕಾಯಿತು, ಮೂರು ಸುಳ್ಳಿನ ಜೊತೆಗೆ. ಕಾಗದ ಬಿಚ್ಚಿ ತುಂಡನ್ನು ಟೀಚರ್ ಕೈಗೆ ಕೊಟ್ಟು, "ಉಳಿದದ್ದು ಇಷ್ಟೇ. ಇದು ನಿಮ್ಮದು" ಅಂದೆ.

ಅವರಿಗೆ ಆಗಲೇ ಕಣ್ಣು ಮಂದ. ತುಂಡನ್ನು ಬೆರಳ ನಡುವೆ ಉರುಳಿಸಿದರು, ಉಗುರಿನಿಂದ ಒಂದು ಕಡೆ ಮೆಲ್ಲಗೆ ಒತ್ತಿದರು, ಮೂಗಿಗೆ ಹಿಡಿದರು.

"ಇಲ್ಲೊಂದು ಕಣ್ಣಿದೆ. ಏಳಬಹುದು, ಏಳದೆಯೂ ಇರಬಹುದು" ಅಂದರು. ನನ್ನ ಕಡೆ ನೋಡಿ, "ನಾನು ಇದನ್ನು ಕಲಿತದ್ದು ಮೂರು ಕೊಂದ ಮೇಲೆ. ಮಕ್ಕಳು ಕೊಟ್ಟದ್ದು ನಾಲ್ಕು ಗೆಡ್ಡೆ. ನಿನಗೆ ಹೇಳಿರಲಿಲ್ಲ, ನಾಚಿಕೆ. ನಿನ್ನ ಕೈಯಲ್ಲಿ ಯಾವತ್ತೂ ಒಂದು ಸತ್ತಿರಲಿಲ್ಲ. ಅದಕ್ಕೇ ಯಾರಿಗಾದರೂ ಏನಾದರೂ ಹೇಳಿಕೊಡಬೇಕು ಅಂತ ನಿನಗೆ ಅನಿಸಲಿಲ್ಲ" ಅಂದರು. ಬೈದ ಹಾಗೆ ಇರಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ಆಮೇಲೆ ಎದ್ದು, ತುಂಡನ್ನು ನನ್ನ ಕೈಗಲ್ಲ, ಅತ್ತೆಯ ಕೈಗೆ ಇಟ್ಟರು. "ನೀವು ಇಟ್ಟುಕೊಳ್ಳಿ. ಒಂದು ಸಲ ನೀರು ಹೆಚ್ಚಾಗಿ ಹೋದದ್ದು ನೋಡಿದವರು ಇನ್ನೊಂದು ಸಲ ಹಾಕುವುದಿಲ್ಲ."

ನನಗೆ ಹೊಟ್ಟೆಯುರಿಯಿತು, ನಿಜ ಹೇಳಬೇಕು. ಮೂರು ವರ್ಷ ಬೆಳೆಸಿದವಳು ನಾನು. ಆಟೋದಲ್ಲಿ ಹೊರಗಡೆ ಮುಖ ಮಾಡಿ ಕೂತೆ. ಅತ್ತೆ ಕಾಗದದ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಸೇತುವೆ ದಾಟುವಾಗ, "ಈಗ ಹೇಳು. ಇದು ಯಾವಾಗ ಮಲಗತ್ತೆ, ಯಾವಾಗ ಏಳತ್ತೆ? ನೀರು ಯಾವತ್ತಿಂದ?" ಅಂದರು. ಹದಿನೇಳು ವರ್ಷ ಒಂದೇ ಮನೆಯಲ್ಲಿದ್ದು ಅವರು ನನ್ನನ್ನು ಗಿಡದ ವಿಷಯ ಕೇಳಿರಲಿಲ್ಲ. ನಾನು ಹೇಳಿಯೂ ಇರಲಿಲ್ಲ, ಅದೂ ನಿಜ. ಮೊದಮೊದಲು ಬಿಗುಮಾನದಿಂದ ಹೇಳಿದೆ. ಕೀಲ್ಪಾಕ್ ಬರುವ ಹೊತ್ತಿಗೆ ಜಾಂಬಿಯಾದ ಮಳೆ, ಮಣ್ಣಿಗೆ ಬೆರೆಸುವ ಮರಳು, ಮೊಳಕೆಯ ಕಣ್ಣು ಮೇಲಕ್ಕಿರುವಂತೆ ನೆಡಬೇಕಾದದ್ದು, ಎಲ್ಲ ಹೇಳಿ ಮುಗಿಸಿದ್ದೆ.

ನೆಟ್ಟದ್ದು ಅವರೇ. ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿ, ಇವತ್ತು ಬೇಕೋ ಬೇಡವೋ ಅಂತ ದಿನಾ ನನ್ನನ್ನು ಕೇಳುತ್ತಿದ್ದರು. ಬೇಡ ಅಂದರೆ ಒಂದು ಹನಿ ಹಾಕುತ್ತಿರಲಿಲ್ಲ. ಮೇ ಮುಗಿಯಿತು. ಜೂನ್ ಅರ್ಧವಾಯಿತು. ನಾನು ಆಸೆ ಬಿಟ್ಟಿದ್ದೆ, ಬಾಯಿ ಬಿಟ್ಟು ಹೇಳಿರಲಿಲ್ಲ.

ಒಂದು ಬೆಳಿಗ್ಗೆ ಲ್ಯಾಬಿಗೆ ಹೊರಡಲು ಸೀರೆಗೆ ಪಿನ್ ಹಾಕುತ್ತಿದ್ದಾಗ ಅತ್ತೆ ನನ್ನ ಕೋಣೆಯ ಬಾಗಿಲಿಗೆ ಬಂದರು. "ಬಾ" ಅಂದರು, ಅಷ್ಟೇ. ಬಾಲ್ಕನಿಯಲ್ಲಿ ಕುಂಡದ ನಡುವೆ ಮಣ್ಣು ಸಣ್ಣದಾಗಿ ಬಿರಿದು, ಅಕ್ಕಿಕಾಳಿನಷ್ಟು ಹಸಿರು ಕಾಣುತ್ತಿತ್ತು. ಹೂವಲ್ಲ, ಬರೀ ಎಲೆಯ ಮೊನೆ. ಹೂ ಬಿಡಲು, ಮುರಿದು ಪೆರಂಬೂರಿಗೆ ಒಂದು ತುಂಡು ಕೊಡಲು ಇನ್ನೆರಡು ವರ್ಷವಾದರೂ ಬೇಕು. ನನ್ನ ಕಣ್ಣು ತುಂಬಿತು.

"ಟೀಚರಿಗೆ ಫೋನ್ ಮಾಡು" ಅಂದರು ಅತ್ತೆ.

"ನೀವೇ ಮಾಡಿ" ಅಂದೆ. ನಂಬರ್ ಒತ್ತಿ ಫೋನ್ ಅವರ ಕೈಗೆ ಕೊಟ್ಟೆ. ಆ ಕಡೆ ರಿಂಗ್ ಆಗುತ್ತಿದ್ದಾಗ, ಇನ್ನು ತಡಮಾಡಿದರೆ ಆಗುವುದಿಲ್ಲವೆಂದು, "ಅತ್ತೆ, ಆವತ್ತು ನಾನು ಅಂದದ್ದು ತಪ್ಪು" ಅಂದೆ. ಅವರು ಸುಮ್ಮನಿರು ಅನ್ನುವ ಹಾಗೆ ಕೈ ಆಡಿಸಿ, ಆಡಿಸಿದ ಕೈಯನ್ನು ಹಾಗೇ ನನ್ನ ಹೆಗಲ ಮೇಲಿಟ್ಟು, ಫೋನಿನಲ್ಲಿ ತಮಿಳಿನಲ್ಲಿ ಜೋರಾಗಿ ಹೇಳುತ್ತಿದ್ದರು: ಜೀವ ಇದೆ ಟೀಚರ್, ಎದ್ದಿದೆ, ನಮ್ಮ ಹುಡುಗಿ ಹೇಳಿಕೊಟ್ಟ ಹಾಗೇ ಮಾಡಿದೆ.