ಕಣ್ಣು ತೆರೆಯದ ಕಲ್ಲು ಗದ್ದೆಗೆ ಹೋದದ್ದು

ಮಕ್ಕಳೇ, ಮೊನ್ನೆ ನೀವು ಟ್ರ್ಯಾಕ್ಟರಿನ ಹಿಂದಿನ ಬ್ಲೇಡಿಗೆ ಮರಳಿನ ಚೀಲ ಕಟ್ಟುತ್ತಿದ್ದಿರಲ್ಲ, ಅದಕ್ಕೆ ಮೊದಲು ಬ್ಲೇಡು ಒಣನೆಲದ ಮೇಲೆ ಜಾರಿಕೊಂಡು ಹೋದಾಗ ಎದ್ದ ಕಿರ್ರೆನ್ನುವ ಸದ್ದು ಅಡುಗೆಮನೆಯವರೆಗೂ ಬಂತು. ಮುದ್ದೆ ತಿರುವುತ್ತಿದ್ದ ನನ್ನ ಕೈ ಹಾಗೇ ನಿಂತಿತು. ಆ ಸದ್ದಿನ ಹಿಂದೆಯೇ ಕಲ್ಲುಪುಡಿಯ ವಾಸನೆ, ಉಳಿ ಬಿದ್ದ ಕೂಡಲೇ ಕಲ್ಲಿನಿಂದ ಏಳುವ ಆ ಬೆಚ್ಚಗಿನ ವಾಸನೆ, ಮೂಗಿಗೆ ಬಡಿದಂತಾಯಿತು. ಹೊರಗೆ ಬಂದು ಹೇಳೋಣವೆಂದುಕೊಂಡೆ. ನಾಲ್ಕು ಜನರ ಎದುರು ನನಗೆ ಮಾತು ಬಾರದು. ನಿಮ್ಮ ತಾತ ಇದ್ದಾಗ ಅವರಿಗೂ ಇದನ್ನು ಪೂರ್ತಿ ಹೇಳಿರಲಿಲ್ಲ. ಬರೆದಿಟ್ಟರೆ ನೀವು ಓದುತ್ತೀರಿ, ನಾನು ನಿಮ್ಮ ಮುಖ ನೋಡಬೇಕಾಗಿಲ್ಲ.

ನನ್ನ ತವರು ಶಿವಾರಪಟ್ಟಣದ ಪಕ್ಕದ ಹಳ್ಳಿ. ಆ ಮನೆ ಈಗ ಇಲ್ಲ. ಹೆಂಚಿನ ಮನೆ, ಮುಂದೊಂದು ಹೊಂಗೆಮರ, ಅದರ ನೆರಳಿನಲ್ಲಿ ನನ್ನ ತಾತ, ಅಂದರೆ ನನ್ನ ಅಪ್ಪನ ಅಪ್ಪ, ವಿಗ್ರಹ ಕೆತ್ತುತ್ತಿದ್ದ. ಬೆಳಗಾದರೆ ಟಣ್ ಟಣ್ ಎನ್ನುವ ಸದ್ದಿಗೇ ನಾನು ಏಳುತ್ತಿದ್ದೆ. ಮರದ ಬುಡದಲ್ಲಿ ಗೋಣಿ ಹೊದಿಸಿದ ಒಂದು ಕಲ್ಲು ಇತ್ತು. ನಾನು ಹುಟ್ಟುವ ಮೊದಲು ಯಾವುದೋ ಊರಿನವರು ಅಮ್ಮನವರ ವಿಗ್ರಹ ಬೇಕೆಂದಿದ್ದರಂತೆ. ತಾತ ವರ್ಷವಿಡೀ ಕೆತ್ತಿದ. ಕಿರೀಟ, ಮುಖ, ಮಡಚಿದ ಕಾಲಿನ ಮೇಲೆ ಸೀರೆಯ ನೆರಿಗೆ ಎಲ್ಲ ಮುಗಿದು, ಕೊನೆಗೆ ಕಣ್ಣು ತೆರೆಯುವುದೊಂದೇ ಬಾಕಿ ಇರುವಾಗ ಬೆನ್ನಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಬಿರುಕು ಬಿಟ್ಟದ್ದನ್ನು ಗುಡಿಯಲ್ಲಿ ಕೂರಿಸುವಂತಿಲ್ಲ. ಅವರಿಗೆ ಬೇರೆ ಕಲ್ಲಿನಲ್ಲಿ ಕೆತ್ತಿಕೊಟ್ಟು ಇದನ್ನು ಇಟ್ಟುಕೊಂಡ. ಯಾರೂ ಮುಟ್ಟುವಂತಿರಲಿಲ್ಲ. ಪ್ರತಿವರ್ಷ ಹೊಸ ಗೋಣಿ ಹೊದಿಸುತ್ತಿದ್ದವನು ಅವನೊಬ್ಬನೇ. ಒಮ್ಮೆ ಕದ್ದು ಗೋಣಿ ಎತ್ತಿ ನೋಡಿದೆ. ಕಣ್ಣಿರಬೇಕಾದ ಕಡೆ ಬರೀ ನುಣುಪು. ಆದರೂ ಆ ಮುಖ ನನ್ನ ಉಸಿರಾಟವನ್ನು ಕೇಳಿಸಿಕೊಳ್ಳುತ್ತಿದೆ ಅನ್ನಿಸಿ ಓಡಿಬಂದೆ.

ಕೆರೆಯ ಕೆಳಗಿನ ನಮ್ಮ ಗದ್ದೆ ಒಂದು ಕಡೆ ದಿಣ್ಣೆ, ಇನ್ನೊಂದು ಕಡೆ ತಗ್ಗು. ನೀರು ಬಿಟ್ಟರೆ ಅರ್ಧ ಪೈರು ಕೊಳೆಯುತ್ತಿತ್ತು, ಅರ್ಧ ಒಣಗುತ್ತಿತ್ತು. ನನಗೆ ಎಂಟು ವರ್ಷವಾಗಿದ್ದಾಗ ಚಿಕ್ಕಪ್ಪ ಒಂದು ಹಳೆಯ ಟ್ರ್ಯಾಕ್ಟರ್ ತಂದ. ಹಿಂದೆ ಮಣ್ಣು ಮಟ್ಟ ಮಾಡುವ ಬ್ಲೇಡು. ಕೆರೆ ತುಂಬುವುದರೊಳಗೆ ಗದ್ದೆ ಸಮ ಆಗಬೇಕಿತ್ತು. ಕಾದು ಗಟ್ಟಿಯಾಗಿದ್ದ ನೆಲದ ಮೇಲೆ ಬ್ಲೇಡು ಗೀರು ಎಳೆಯಿತೇ ಹೊರತು ಕಚ್ಚಲಿಲ್ಲ. ಬದುವಿನ ಮೇಲೆ ನಿಂತಿದ್ದ ಅಜ್ಜಿ, "ಏನ್ಲಾ ನಾಣಿ, ನಿನ್ ಟ್ರ್ಯಾಕ್ಟ್ರು ಗದ್ದೆ ಮಟ್ಟ ಮಾಡ್ತೈತೋ, ಅದ್ರ ಬೆನ್ನು ಕೆರೀತೈತೋ?" ಅಂದಳು. "ತೂಕ ಸಾಲ್ದು ಕಣಮ್ಮ. ನೀನೇ ಬಂದು ಕೂತ್ಕೊಂಬುಡು" ಅಂದ ಚಿಕ್ಕಪ್ಪ. ಎಲ್ಲರೂ ನಕ್ಕರು. ಎತ್ತಿಗೆ ಹಲಗೆ ಕಟ್ಟಿ ಹೊಲ ಸಮ ಮಾಡುವಾಗ ಭಾರಕ್ಕೆಂದು ಮಕ್ಕಳನ್ನು ಕೂರಿಸುವುದು ನಮ್ಮ ಕಡೆಯ ರೂಢಿ. ಅಪ್ಪ ಅದೇ ಯೋಚನೆಯಲ್ಲಿ ನನ್ನನ್ನು ಎತ್ತಿ ಬ್ಲೇಡಿನ ಮೇಲೆ ಕೂರಿಸಿದ. ಎತ್ತಾದರೆ ಹೋ ಅಂದರೆ ನಿಲ್ಲುತ್ತದೆ. ದಪ್ಪ ಹೆಂಟೆಯೊಂದು ತಗುಲಿ ಬ್ಲೇಡು ಎಗರಿತು, ನಾನು ಹಿಂದಕ್ಕೆ ಬಿದ್ದೆ. ಲಂಗ ಕಬ್ಬಿಣಕ್ಕೆ ಸಿಕ್ಕಿ ನಾಲ್ಕು ಮಾರು ದೂರ ಎಳೆದುಕೊಂಡು ಹೋಯಿತು. ಎಂಜಿನ್ನಿನ ಸದ್ದಿನಲ್ಲಿ ನನ್ನ ಕೂಗು ಚಿಕ್ಕಪ್ಪನಿಗೆ ಕೇಳಲಿಲ್ಲ. ಲಂಗ ಹರಿದದ್ದರಿಂದ ಉಳಿದೆ.

ತಾತ ಅದನ್ನು ಬದುವಿನಿಂದಲೇ ನೋಡಿದ್ದ. ಬಂದು ನನ್ನನ್ನು ಎತ್ತಿಕೊಂಡು ಬಾಯೊಳಗಿನ ಮಣ್ಣನ್ನು ಬೆರಳಿನಿಂದ ತೆಗೆದ. ಆಮೇಲೆ ಅಪ್ಪನ ಕಡೆ ತಿರುಗಿ, "ಕಲ್ಲು ಕೆತ್ತೋನ್ ಮನೇಲಿ ತೂಕಕ್ಕೆ ಬರ ಬಂದೈತೇನ್ಲಾ, ಮಗೀನ ಕೂರ್ಸಕ್ಕೆ?" ಅಂದ. ನೇರ ಮನೆಗೆ ಹೋಗಿ ಹೊಂಗೆಮರದ ಕೆಳಗಿನ ಗೋಣಿ ತೆಗೆದ. ಅಪ್ಪ ಬೆದರಿ, "ಬೇರೆ ಕಲ್ಲು ಹಾಕಾನ ಕಣಪ್ಪ" ಅಂದ. "ಮಿಕ್ಕಿದ್ದೆಲ್ಲ ಊರೋರ ದೇವ್ರು ಕಣ್ಲಾ. ಇದೊಂದೇ ನಂದು" ಅಂದ ತಾತ. ಅಜ್ಜಿ ಎದೆಗೆ ಕೈ ಇಟ್ಟುಕೊಂಡು, "ಅಯ್ಯೋ ದೇವುಡಾ, ಅಮ್ಮನ್ನ ಕೊಂಡೋಗಿ ಮಣ್ಣಲ್ಲಿ ಎಳೆಸ್ತೀರಾ?" ಅಂದಾಗ ತಾತ ಅವಳನ್ನು ನೋಡದೆ ಹೇಳಿದ: "ಕಣ್ಣು ತೆರೆದ್ರೆ ಅಮ್ಮ ಕಣೇ. ಅಲ್ಲೀಗಂಟ ಕಲ್ಲು." ಬ್ಲೇಡಿಗೆ ಬಿಗಿಯುವ ಸರಪಳಿ ಜಾರದಂತೆ ಕಲ್ಲಿನ ಮೇಲೆ ಅಡ್ಡಲಾಗಿ ಒಂದು ಕಚ್ಚು ಹಾಕಬೇಕಿತ್ತು. ಹೊಸ ಕೆಲಸಕ್ಕೆ ಕೂರುವಾಗ ಮಾಡುವಂತೆಯೇ ಕೈಕಾಲು ತೊಳೆದು ಬಂದು, ತಾನೇ ಕೆತ್ತಿದ ನೆರಿಗೆಯ ಮೇಲೆ ಉಳಿ ಇಟ್ಟ. ಕೈ ಸ್ವಲ್ಪ ಹೊತ್ತು ಮೇಲೆಯೇ ನಿಂತಿತ್ತು. ಸುತ್ತಿಗೆ ಬಿದ್ದಾಗ ನಾನು ಕಣ್ಣು ಮುಚ್ಚಿಕೊಂಡೆ. ಆಮೇಲೆ ಅವನು ನಿಲ್ಲಲಿಲ್ಲ. ಸಣಕಲು ಮನುಷ್ಯ, ಹಾರೆಯೊಂದನ್ನು ಕೆಳಗೆ ತೂರಿಸಿ ಮೆಲ್ಲಗೆ ಒತ್ತಿದ. ಮಲಗಿದ್ದವರು ಏಳುವಂತೆ ಆ ಕಲ್ಲು ಎದ್ದಿತು. ನಾನು ಬೆರಗಾಗಿ ಹರಿದ ಲಂಗವನ್ನೇ ಮರೆತೆ. ಅಪ್ಪ, ಚಿಕ್ಕಪ್ಪ ದುಂಡು ಮರಗಳ ಮೇಲೆ ಅದನ್ನು ಉರುಳಿಸಿ, ಗಾಡಿಗೆ ಹಾಕಿ, ಗದ್ದೆಗೆ ತಂದು ಬ್ಲೇಡಿನ ಮೇಲೆ ಅಂಗಾತ ಮಲಗಿಸಿ ಕಟ್ಟಿದರು. ದೂಳು ಬೀಳದಿರಲಿ ಎಂದು ತಾತ ತನ್ನ ಟವೆಲನ್ನು ಅದರ ಮುಖಕ್ಕೆ ಸುತ್ತಿದ. ಟ್ರ್ಯಾಕ್ಟರ್ ಹೊರಟಿತು. ಈ ಸಲ ಬ್ಲೇಡು ನೆಲದೊಳಗೆ ಇಳಿಯಿತು. ಕೆಂಪುಮಣ್ಣು ಸುರುಳಿ ಸುರುಳಿಯಾಗಿ ಎದ್ದು, ದಿಣ್ಣೆ ತಾನಾಗಿಯೇ ನಡೆದು ಹೋಗಿ ತಗ್ಗಿನಲ್ಲಿ ಕೂತ ಹಾಗಿತ್ತು.

ಮೂರು ದಿನದ ಕೆಲಸ ಮುಗಿದ ಮೇಲೂ ತಾತ ಕಲ್ಲನ್ನು ಮನೆಗೆ ತರಿಸಲಿಲ್ಲ. ಕೇಳಿದವರ ಗದ್ದೆಗೆಲ್ಲ ಅದು ಹೋಯಿತು, ಲಕ್ಕೂರಿನ ಕಡೆಗೂ ಹೋಯಿತು. ಮುಖ ಸವೆದು ಬರೀ ಕಲ್ಲಾಗಿ, ಕೊನೆಗೆ ಎಲ್ಲಿ ಉಳಿಯಿತೋ ನನಗೆ ಗೊತ್ತಿಲ್ಲ. ತಾತ, ಅಜ್ಜಿ, ಅಪ್ಪ, ಚಿಕ್ಕಪ್ಪ, ಕೇಳೋಣವೆಂದರೆ ಆ ಮನೆಯವರು ಯಾರೂ ಉಳಿದಿಲ್ಲ. ಆದರೆ ಕೆರೆ ತುಂಬಿ, ಗದ್ದೆಗೆ ಮೊದಲ ಸಲ ನೀರು ಬಿಟ್ಟ ಬೆಳಗ್ಗೆ ತಾತ ನನ್ನನ್ನು ಕರೆದುಕೊಂಡು ಹೋದದ್ದು ನೆನಪಿದೆ. ಬದುವಿನಿಂದ ಬದುವಿಗೆ ನೀರು ಒಂದೇ ಸಮ ನಿಂತಿತ್ತು, ಬೆರಳಗಲವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಇಡೀ ಆಕಾಶ ಅದರೊಳಗಿತ್ತು. ಗುಡಿಯ ಮುಂದೆ ಬಿಡುವಂತೆ ತಾತ ಬದುವಿನ ಮೇಲೆ ಚಪ್ಪಲಿ ಬಿಟ್ಟ. ನಾನು ನೀರಿಗೆ ಕಾಲಿಡಲು ಹೋದಾಗ ಭುಜ ಹಿಡಿದು ತಡೆದ. "ಇವತ್ತೊಂದಿನ ಬ್ಯಾಡ ಕಣೇ ರತ್ನಿ. ಹಂಗೇ ಇರ್ಲಿ" ಅಂದ.